ಲೀಲಾಕ್ಷಿಯ ಕಂಪ್ರೆಸರ್

ಲೀಲಾಕ್ಷಿ ಒಂದು ಕಾಲದಲ್ಲಿ ಅರ್ಧ ಪುಣೆಯನ್ನು ಮಲಗಿಸಿದವಳು. ಅರಿವಳಿಕೆ ಕೊಡುವ ಡಾಕ್ಟರು. ಮಲಗಿಸಿದವರನ್ನೆಲ್ಲ ಮತ್ತೆ ಎಬ್ಬಿಸಿದ್ದೇನೆ ಎಂಬ ಜಂಬ ಅವಳಿಗಿತ್ತು, ಆ ಜಂಬಕ್ಕೆ ಆಧಾರವೂ ಇತ್ತು. ಮದುವೆಯ ಗೊಡವೆಗೆ ಹೋಗಲಿಲ್ಲ. ಧಾರವಾಡದಿಂದ ಬಂದ ಹೆಣ್ಣುಮಗಳು ಸ್ವಂತ ದುಡಿಮೆಯಲ್ಲಿ ಬಂಗಾರ ಕೊಳ್ಳಬೇಕು, ಮನೆ ಕೊಳ್ಳಬೇಕು ಎಂಬುದು ನೆಂಟರ ಲೆಕ್ಕ. ಇವಳು ಯಾವನೋ ರಾಯಭಾರಿ ಬಿಟ್ಟುಹೋದ, ಎರಡೇ ಸೀಟಿನ ಕೆಂಪು ಸ್ಪೋರ್ಟ್ಸ್ ಕಾರನ್ನು ಮುಂಬಯಿಯ ಹರಾಜಿನಲ್ಲಿ ಹಿಡಿದು ತಂದಳು. ನೆಂಟರು ಮೂಗಿನ ಮೇಲೆ ಬೆರಳಿಟ್ಟರು. ಆ ಬೆರಳು ಕೆಳಗಿಳಿಯುವಷ್ಟರಲ್ಲಿ ಅವಳ ಕೂದಲು ಬೆಳ್ಳಗಾಗಿತ್ತು, ಗಾಡಿಯ ಸ್ಟೇರಿಂಗು ಮಾತ್ರ ಅವಳ ಕೈ ಬಿಟ್ಟಿರಲಿಲ್ಲ.

ನಿವೃತ್ತಿಗೆ ಮುಂಚೆಯೇ ನರದ ಕಾಯಿಲೆಯೊಂದು ಅಂಟಿಕೊಂಡಿತ್ತು. ವಿಚಿತ್ರ ಕಾಯಿಲೆ. ತಂಪಿನಲ್ಲಿದ್ದರೆ ಅದು ಇದೆ ಎಂಬುದೇ ಗೊತ್ತಾಗುವುದಿಲ್ಲ; ಮೈ ಕಾದರೆ ಎಡಗಾಲು ಹೇಳಿದ ಮಾತು ಕೇಳುವುದಿಲ್ಲ. ತಂಪಿನಲ್ಲಿ ಧಾರಾಳವಾಗಿ ಗಾಡಿ ಓಡಿಸಿ, ಸೆಕೆಯಲ್ಲಿ ಮುಟ್ಟಲೇಬೇಡಿ ಎಂದು ಅವಳ ವೈದ್ಯರು ಹೇಳಿದ್ದರು. ಗಾಡಿಯಲ್ಲಿ ಏಸಿ ಏನೋ ಇತ್ತು. ಆದರೆ ಅದರ ಕಂಪ್ರೆಸರ್ ಹಳೆಯ ಕಾಲದ್ದು, ಎರಡು ಪಿಸ್ಟನ್ನಿನ ಕಬ್ಬಿಣದ ಮುದ್ದೆ. ಮೂಗಿಗಿಂತ ಮೂಗುತಿ ಭಾರ. ಗುಂಡಿ ಒತ್ತಿದರೆ ಎಂಜಿನ್ ಏದುಸಿರು ಬಿಡುತ್ತಿತ್ತು, ಸಿಗ್ನಲ್ಲಿನಲ್ಲಿ ನಿಂತರೆ ಕಾವಿನ ಮುಳ್ಳು ಕೆಂಪಿಗೆ ಏರುತ್ತಿತ್ತು. ಎಲ್ಲಿ ತಂಪು ಬೇಕೋ ಅಲ್ಲೇ ಅದನ್ನು ಬಂದ್ ಮಾಡಬೇಕು.

ಎರಡು ಸಾವಿರದ ಮೂರರ ಏಪ್ರಿಲ್ ತಿಂಗಳು, ವಿದ್ಯಾಪೀಠ ಚೌಕದಲ್ಲಿ ಅವಳು ಹಾಗೆ ಏಸಿ ಬಂದ್ ಮಾಡಿ ನಿಂತಿದ್ದಳು. ಹಸಿರು ದೀಪ ಬಂತು. ಎಡಗಾಲು ಕ್ಲಚ್ಚಿನ ಮೇಲೇ ಇತ್ತು. ಒತ್ತು ಎಂದರೆ ಒತ್ತಲಿಲ್ಲ. ಹಿಂದೆ ಹಾರ್ನುಗಳ ಗದ್ದಲ. ಟ್ರಾಫಿಕ್ ಹವಾಲ್ದಾರ ಕಿಟಕಿಗೆ ಬಗ್ಗಿ, "ಓ ಆಜೀ, ಗಾಡಿ ಬಾಜೂಲಾ ಘ್ಯಾ" ಎಂದ. ಅಜ್ಜಿ ಎಂದು ಕರೆದದ್ದಕ್ಕೆ ಅವಳಿಗೆ ಸಿಟ್ಟು ಬರಲಿಲ್ಲ. ಗಾಡಿ ಪಕ್ಕಕ್ಕೆ ಸರಿಸುವುದು ತನ್ನಿಂದ ಆಗಲಿಲ್ಲವಲ್ಲ ಎಂದು ಅಳು ಬಂತು. ಯಾರೋ ಹಿಂದಿನಿಂದ ತಳ್ಳಿದರು. ಅವಳು ಒಳಗೆ ಸಾಮಾನಿನ ಹಾಗೆ ಕೂತಿದ್ದಳು.

ತಮ್ಮ ಬಿಂದುಮಾಧವ ಔಂಧದ ತನ್ನ ಮನೆಯಿಂದ ಡ್ರೈವರನನ್ನು ಕರೆದುಕೊಂಡು ಓಡಿ ಬಂದ. ಅವನು ಕೆಟ್ಟವನಲ್ಲ. ಅಕ್ಕನ ಮೇಲೆ ಪ್ರೀತಿ ಇತ್ತು, ಅವಳ ಗಾಡಿಯ ಮೇಲೆ ಒಂದು ಗುಂಜಿ ಹೆಚ್ಚು ಪ್ರೀತಿ ಇತ್ತು, ಅಷ್ಟೇ. ಹಳೆಯ ಕಾರುಗಳ ಸಂಘವೊಂದಕ್ಕೆ ಅವನು ಕಾರ್ಯದರ್ಶಿ.

"ಅಕ್ಕಾ, ಇನ್ನ ಸಾಕು. ಗಾಡಿ ನಮ್ಮಲ್ಲೆ ಇರ್ಲಿ, ಪ್ರದರ್ಶನಕ್ಕ ಇಡೋಣು. ನಿನಗ ಎಲ್ಲೆ ಹೋಗಬೇಕೋ ಹೇಳು, ಡ್ರೈವರನ್ನ ಕಳಸ್ತೀನಿ."

"ನನಗ ಎಲ್ಲೆ ಹೋಗಬೇಕು ಅನ್ನೋದು ಹೊಂಟ ಮ್ಯಾಲೆ ತಿಳಿತದ, ಬಿಂದ್ಯಾ. ಡ್ರೈವರಗ ಹೆಂಗ ಹೇಳ್ಲಿ? ಹಳೇ ಕಂಪ್ರೆಸರ್ ತಗದು ಹೊಸಾದು ಹಾಕಸ್ತೀನಿ."

ಅಕ್ಕನ ಕಾಲು ಸೋತದ್ದಕ್ಕಿಂತ ಈ ಮಾತು ಬಿಂದುಮಾಧವನಿಗೆ ಹೆಚ್ಚು ನಾಟಿತು. "ಆ ಗಾಡ್ಯಾಗ ಒಂದು ಸ್ಕ್ರೂ ಸುದ್ದಾ ಬದಲಾಗಿಲ್ಲ. ಪೂರಾ ಒರಿಜಿನಲ್ ಅದ. ಹೊಸಾ ಕಂಪ್ರೆಸರ್ ಕೂತ್ರ ಅದರ ಮಾನ ಹೋತು."

"ಗಾಡಿ ಮಾನ ಓಡೋದ್ರಾಗ ಅದನೋ, ನಿಂದ್ರೋದ್ರಾಗ ಅದನೋ?"

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ. ಮಾತಿಗೆ ಮಾತು ಬೆಳೆದು ಕಡೆಗೆ ಲೀಲಾಕ್ಷಿಯೇ ಒಂದು ಕರಾರು ಹಾಕಿದಳು. ಪ್ರತಿ ದಸರಾಕ್ಕೆ ತಮ್ಮ ಅವಳ ಮನೆಗೆ ಬಂದು, ಬನ್ನಿ ಕೊಟ್ಟು, ಕಾಲು ಮುಟ್ಟಿ ಹೋಗುವುದು ಪದ್ಧತಿ. "ಈ ದಸರಾಕ್ಕ ನಾನ ಬರ್ತೀನಿ. ಮಧ್ಯಾಹ್ನದ ಬಿಸಿಲಾಗ, ಇದ ಚೌಕ ದಾಟಿ, ನಿಮ್ಮನಿ ಮುಂದ ಗಾಡಿ ನಿಂದರಸ್ತೀನಿ. ಬರಲಿಲ್ಲಂದ್ರ ನೀ ಬಾ. ಬನ್ನಿ ಕೊಡು, ಕೀ ತೊಗೊಂಡು ಹೋಗು. ನಾ ಒಂದು ಮಾತೂ ಆಡೂದಿಲ್ಲ." ತಮ್ಮ ಒಪ್ಪಿದ. ಅಕ್ಕ ಸೋಲುತ್ತಾಳೆಂದು ಅವನಿಗೆ ಖಾತ್ರಿಯಿತ್ತು.

ಯೆರವಡಾದ ಜೈಲಿನ ಗೋಡೆಯಾಚೆ, ತಗಡಿನ ಶೆಡ್ಡಿನಲ್ಲಿ ಭುಜಂಗನ ಗ್ಯಾರೇಜು. ಅವನ ಅವ್ವ ಸಾಬವ್ವ ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದು ಇಲ್ಲಿಯೇ ಬೇರು ಬಿಟ್ಟವಳು. ಗಾಡಿಯ ಏಸಿ ಕೆಲಸದಲ್ಲಿ ಭುಜಂಗನ ಕೈ ಚೊಕ್ಕ. ನಾಲಿಗೆ ಮಾತ್ರ 'ನಾಳಿ' ಎಂಬ ಒಂದೇ ಶಬ್ದ ಕಲಿತಿತ್ತು. ಅವನು ಈಗಿನ ಸಣ್ಣ ಕಾರುಗಳಿಗೆ ಹಾಕುವ ಕಂಪ್ರೆಸರ್ ತಂದ, ಸುಲಿದ ತೆಂಗಿನಕಾಯಿಗಿಂತ ಚೂರು ದೊಡ್ಡದು. ಅದನ್ನು ಎಂಜಿನ್ನಿಗೆ ಕೂಡಿಸುವ ಬ್ರಾಕೆಟ್ಟು ಲೇಥಿನವನಿಂದ ಎರಡು ಸಲವೂ ಸೊಟ್ಟಗೇ ಬಂತು, ಬೆಲ್ಟು ಕಳಚಿ ಬಿತ್ತು. ಲೇಥಿನವನು ಎಂಜಿನ್ನೇ ಸೊಟ್ಟಗಿದೆ ಎಂದ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಮಳೆಗಾಲ ಹೀಗೆ ಕಳೆದು, ನವರಾತ್ರಿಯ ಅಷ್ಟಮಿಯ ದಿನ ಅಂತೂ ಕಂಪ್ರೆಸರ್ ನೆಟ್ಟಗೆ ಕೂತಿತು. ಹೊಸ ಪೈಪು, ರೇಡಿಯೇಟರ್ ಮುಂದೆ ಇನ್ನೊಂದು ಫ್ಯಾನು, ಎಲ್ಲ ಬಂದವು. ಗ್ಯಾಸು ತುಂಬುವುದೊಂದು ಬಾಕಿ.

"ನಾಳಿ ತುಂಬ್ತೀನ್ರಿ ಡಾಕ್ಟರಬಾಯಾರ," ಎಂದ ಭುಜಂಗ.

ನಾಳೆ ಖಂಡೇನವಮಿ, ಆಯುಧಪೂಜೆಯ ದಿನ ಎಂಬುದು ಅವನಿಗೂ ಹೊಳೆಯಲಿಲ್ಲ, ಇವಳಿಗೂ ಹೊಳೆಯಲಿಲ್ಲ. ಸಾಬವ್ವನಿಗೆ ಹೊಳೆದಿತ್ತು. ನವಮಿಯ ನಸುಕಿನಲ್ಲೇ ಅವಳು ಪಾನಾ, ಇಕ್ಕಳ, ಮೀಟರು, ಪಂಪು, ಗ್ಯಾಸಿನ ಸಿಲಿಂಡರು ಎಲ್ಲವನ್ನೂ ತೊಳೆದು, ದೇವಿಯ ಪಟದ ಮುಂದೆ ಕೆಂಪು ಬಟ್ಟೆಯ ಮೇಲೆ ಕೂಡಿಸಿ ಕುಂಕುಮ ಏರಿಸಿಬಿಟ್ಟಿದ್ದಳು. ಭುಜಂಗ ಫೋನು ಮಾಡಿ ತೊದಲಿದ. ಪೂಜೆಗೆ ಕೂತ ಹತಾರ ಏಳುವುದು ದಸರಾದ ಸಂಜೆಗೆ, ಬನ್ನಿ ಮುಡಿದ ಮೇಲೆ.

ದಸರಾದ ಬೆಳಿಗ್ಗೆ ಲೀಲಾಕ್ಷಿ ರಿಕ್ಷಾ ಹಿಡಿದು ಯೆರವಡಾಕ್ಕೆ ಬಂದಿಳಿದಳು. ಗಾಡಿಯ ಮೂತಿಗೆ ಚೆಂಡುಹೂವಿನ ಹಾರ ಬಿದ್ದಿತ್ತು. ಸಾಬವ್ವ ಪಟದ ಮುಂದೆ ಕಾವಲು ಕೂತಂತೆ ಕೂತಿದ್ದಳು.

"ಸಂಜಿಗಿ ಬರ್ರಿ ಯವ್ವಾ. ತಾಯಿ ಮುಂದ ಕುಂತ ಹತಾರ ನಡುವ ಎಬ್ಬಸಬಾರದು."

"ಸಂಜಿಕ ಎದ್ರ ನನಗ ಉಪಯೋಗಿಲ್ಲ ಸಾಬವ್ವಾ. ಅಷ್ಟೊತ್ತಿಗೆ ನನ್ನ ತಮ್ಮ ಬಂದು ಗಾಡಿ ಕೀ ತೊಗೊಂಡು ಹೋಗಿರ್ತಾನ."

ಭುಜಂಗ ಅವ್ವನ ಮುಖ ನೋಡಿದ. ಅವ್ವ ಕದಲಲಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ.

ಲೀಲಾಕ್ಷಿ ಅವಳೆದುರಿಗೆ ನೆಲದ ಮೇಲೆಯೇ ಕೂತಳು. "ನಮ್ಮ ಆಪರೇಶನ್ ಥೇಟರಿನ್ಯಾಗೂ ಖಂಡೇಪೂಜಾ ಆಗ್ತಿತ್ತು. ಕತ್ರಿ, ಚಾಕು, ನನ್ನ ಗ್ಯಾಸಿನ ಸಿಲಿಂಡರು, ಎಲ್ಲಾಕ್ಕೂ ಕುಂಕುಮ. ಒಂದ ವರ್ಷ ಆರತಿ ಆರೋದ್ರಾಗ ಹೆರಿಗಿ ಕೇಸು ಬಂತು. ಕೂಸು ಅಡ್ಡ ಆಗಿತ್ತು. ದೇವಿ ಮುಂದಿನ ಹತ್ಯಾರನ ಎತ್ತಿದ್ವಿ."

"ಅದು ಜೀವದ ಮಾತು, ಯವ್ವಾ."

"ಇದೂ ಜೀವದ ಮಾತ. ಈ ಗಾಡಿ ಹೋತಂದ್ರ ನಾ ಕುರ್ಚಿ ಮ್ಯಾಲೆ ಕೂತು, ಯಾರರೆ ಬಂದು ಕರಕೊಂಡು ಹೋಗ್ತಾರೇನು ಅಂತ ಬಾಗಲಾ ನೋಡಬೇಕು. ನನ್ನಿಂದ ಅದು ಆಗೂದಿಲ್ಲ."

ತಲೆಯ ಮೇಲೆ ಬುಟ್ಟಿ ಹೊತ್ತು ಈ ಊರಿಗೆ ಬಂದವಳು ಸಾಬವ್ವ. ಯಾರಾದರೂ ಕರೆದುಕೊಂಡು ಹೋಗಲಿ ಎಂದು ಒಂದು ದಿನವೂ ಬಾಗಿಲು ನೋಡಿದವಳಲ್ಲ. ಕಡೆಗೆ ಪಟದ ಮುಂದಿನಿಂದ ಸ್ವಲ್ಪ ಬದಿಗೆ ಸರಿದು ಕೂತಳು.

"ನನ್ನ ಮಗ ಮುಟ್ಟಂಗಿಲ್ಲ. ನೀವು ಮುಟ್ಟತೀರಂದ್ರ ನಿಮ್ಮ ಪಾಪ ಪುಣ್ಯ ನೀವ ನೋಡ್ಕೋರಿ."

ಲೀಲಾಕ್ಷಿ ದೇವಿಗೆ ಕೈ ಮುಗಿದಳು. "ತಾಯೀ, ಎತ್ತಲಿಕತ್ತೀನಿ. ಸಿಟ್ಟು ಬಂದ್ರ ನನ್ನ ಮ್ಯಾಲೆ ತೋರಸು, ಗಾಡಿ ಮ್ಯಾಲೆ ಬ್ಯಾಡ." ಹಾಗೆಂದು ಕುಂಕುಮದ ಮೀಟರನ್ನು ಎತ್ತಿಯೇಬಿಟ್ಟಳು.

ಭುಜಂಗ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಬಾಯಲ್ಲಿ ಕೆಲಸ ಮಾಡಿದ. ಈ ಪೈಪು ಅಲ್ಲಿಗೆ, ಆ ಪೈಪು ಇಲ್ಲಿಗೆ. ಮೊದಲು ಪಂಪು ಹಚ್ಚಿ ಒಳಗಿನ ಗಾಳಿಯನ್ನೆಲ್ಲ ಎಳೆದು, ಎಲ್ಲಾದರೂ ಸೋರುತ್ತದೆಯೇ ಎಂದು ಕಾದು ನೋಡಿದರು. ಮೀಟರಿನ ಮುಳ್ಳು ಜರುಗಲಿಲ್ಲ. ಅವಳು ಎಂಜಿನ್ ಚಾಲೂ ಮಾಡಿ ಸಿಲಿಂಡರಿಗೆ ಕೈ ಹಾಕಿದಾಗ, "ಸಾವಕಾಶ ಬಿಡ್ರಿ," ಎಂದ.

"ಗ್ಯಾಸು ಸಾವಕಾಶ ಬಿಡೋದು ನನ್ನ ಕಸಬು. ನನಗ ಹೇಳಬ್ಯಾಡ," ಎಂದು ಬಾಯಿ ಮುಚ್ಚುವುದರೊಳಗೆ ಅವಳು ಒಂದು ಸುತ್ತು ಹೆಚ್ಚಿಗೆ ತಿರುಗಿಸಿದ್ದಳು. ಮುಳ್ಳು ಜಿಗಿಯಿತು. ಭುಜಂಗನ ಕೈಗಳು ಬೆನ್ನ ಹಿಂದಿನಿಂದ ತಪ್ಪಿಸಿಕೊಂಡು ಬಂದವು, ಸಾಬವ್ವ ಕೆಮ್ಮಿದಳು, ಕೈಗಳು ವಾಪಸು ಹೋದವು. ಲೀಲಾಕ್ಷಿ ತುಟಿ ಕಚ್ಚಿ ಸುತ್ತು ಇಳಿಸಿದಳು.

ಅಷ್ಟರಲ್ಲಿ ತಗಡು ಕಾದಿತ್ತು. ಎಡಗಾಲಿಗೆ ಮೊದಲು ಜೋಮು ಹಿಡಿಯಿತು, ಆಮೇಲೆ ಕಾಲೇ ಇಲ್ಲದಂತಾಯಿತು. ಅವಳು ಬಾನೆಟ್ಟಿನ ಅಂಚು ಹಿಡಿದು ನಿಂತಳು. ಇಲ್ಲಿ ಬಿದ್ದರೆ ತಮ್ಮ ಗೆದ್ದ. ಬೀಳುವುದಿಲ್ಲ, ಸಿಲಿಂಡರು ಬಿಡುವುದೂ ಇಲ್ಲ ಎಂದು ಹಲ್ಲು ಕಚ್ಚಿದಳು. ಹಿಂದಿನಿಂದ ಒಂದು ಸ್ಟೂಲು ಬಂತು, ಹೆಗಲು ಹಿಡಿದು ಕೂಡಿಸಿದ ಕೈ ಬಂತು, ಆಮೇಲೆ ಪಾದಗಳ ಮೇಲೆ ಗಡಿಗೆಯ ತಣ್ಣೀರು. ಸಾಬವ್ವ ಎರಡನೇ ತಂಬಿಗೆಯನ್ನೂ ಸುರಿದಳು.

"ನೋಡ್ರಿ," ಎಂದ ಭುಜಂಗ, ಗದ್ದದಿಂದ ತೋರಿಸುತ್ತ. ಕಂಪ್ರೆಸರಿಗೆ ಮರಳುವ ಪೈಪಿನ ಮೇಲೆ ತಂಪಿಗೆ ಸಣ್ಣ ಸಣ್ಣ ಹನಿಗಳು ಮೂಡುತ್ತಿದ್ದವು. ಎಂಜಿನ್ ಏದುಸಿರು ಬಿಡುತ್ತಿರಲಿಲ್ಲ. ಕಾವಿನ ಮುಳ್ಳು ನಡುವೆಯೇ ನಿಂತಿತ್ತು.

ಇಬ್ಬರೂ ಹಿಡಿದು ಅವಳನ್ನು ಗಾಡಿಯೊಳಗೆ ಕೂಡಿಸಿದರು. ಕಿಟಕಿ ಏರಿಸಿಕೊಂಡು ತಂಪಿನಲ್ಲಿ ಕಣ್ಣು ಮುಚ್ಚಿ ಕೂತಳು. ಕಾಲು ಅವಸರ ಮಾಡಲಿಲ್ಲ, ಅವಳೂ ಮಾಡಲಿಲ್ಲ. ಬೆರಳು ಬಂತು, ಹಿಮ್ಮಡಿ ಬಂತು, ಕಡೆಗೆ ಮೊಣಕಾಲು. ಕ್ಲಚ್ ಒತ್ತಿದಳು, ಒತ್ತಿತು. ಬಿಟ್ಟು ಮತ್ತೆ ಒತ್ತಿದಳು. ಆಪರೇಶನ್ ಮುಗಿದು ರೋಗಿ ಕಣ್ಣು ಬಿಟ್ಟಾಗ ಆಗುತ್ತಿದ್ದ ಖುಷಿಯೇ ಆಯಿತು.

ಹೊರಡುವಾಗ ಸಾಬವ್ವ ಸಂಜೆಯ ಪೂಜೆಗೆ ತಂದಿದ್ದ ಬನ್ನಿಯಲ್ಲಿ ಒಂದು ಹಿಡಿ ಮುರಿದು ಅವಳ ಉಡಿಗೆ ಹಾಕಿದಳು. "ಹತಾರ ಎದ್ದ ಮ್ಯಾಲ ಬನ್ನಿ ತಡಿಬಾರದು," ಎಂದಳು, ತನ್ನ ಶಾಸ್ತ್ರವನ್ನು ತಾನೇ ತಿದ್ದಿ.

ಅಕ್ಟೋಬರಿನ ಬಿಸಿಲು ರಸ್ತೆಯನ್ನು ಹುರಿಯುತ್ತಿತ್ತು. ಹೋಳ್ಕರ್ ಸೇತುವೆ ದಾಟಿ, ಖಡ್ಕಿ ಹಾದು ವಿದ್ಯಾಪೀಠ ಚೌಕಕ್ಕೆ ಬಂದರೆ ಕೆಂಪು ದೀಪ. ಅವಳು ನಿಂತಳು. ಏಸಿ ಬಂದ್ ಮಾಡಲಿಲ್ಲ. ಕಾವಿನ ಮುಳ್ಳು ನೋಡಿದಳು, ಕಾಲು ನೋಡಿದಳು. ಹೆದರಿಕೆ ಇರಲಿಲ್ಲವೆಂದಲ್ಲ, ಇತ್ತು. ಹಸಿರಾಯಿತು. ಚೆಂಡುಹೂವಿನ ಹಾರ ಹಾಕಿಕೊಂಡ ಕೆಂಪು ಗಾಡಿ ಎಲ್ಲರಿಗಿಂತ ಮೊದಲು ಚೌಕ ಬಿಟ್ಟಿತು.

ಔಂಧದಲ್ಲಿ ಬಿಂದುಮಾಧವ ಜರಿಯಂಚಿನ ಧೋತರ ಉಟ್ಟು, ಬನ್ನಿ ಹಿಡಿದು, ಡ್ರೈವರನೊಂದಿಗೆ ಮೆಟ್ಟಿಲಿಳಿಯುತ್ತಿದ್ದ. ಅಕ್ಕ ಗೇಟಿನ ಮುಂದೆ ಗಾಡಿ ನಿಲ್ಲಿಸಿ, ಎಂಜಿನ್ ಬಂದ್ ಮಾಡದೆ ಬಾಗಿಲು ತೆರೆದಳು. ಅವನು ಮೊದಲು ಕಿವಿಗೊಟ್ಟು ಬಾನೆಟ್ಟಿನ ಸದ್ದು ಕೇಳಿದ. ಮುಖ ಸಣ್ಣದಾಯಿತು.

"ಇದು ಒರಿಜಿನಲ್ ಉಳೀಲಿಲ್ಲ, ಅಕ್ಕಾ."

"ನಾನೂ ಉಳದಿಲ್ಲ."

ಕೀಗೆಂದು ಬೆಳಿಗ್ಗೆಯಿಂದ ತಯಾರಾಗಿದ್ದ ಅವನ ಕೈ ತಾನಾಗಿಯೇ ಅರ್ಧ ಮುಂದೆ ಬಂದಿತ್ತು. ಲೀಲಾಕ್ಷಿ ಅದರಲ್ಲಿ ಸಾಬವ್ವನ ಬನ್ನಿ ಹಾಕಿದಳು. "ಬಂಗಾರದಂಗ ಇರು," ಎಂದಳು. ಒಳಗಿನ ತಂಪು ಅವನ ಮುಖಕ್ಕೆ ಬಡಿಯಿತು. ಅವನು ಬಾಗಿಲೊಳಗೆ ಬಗ್ಗಿ ಅಕ್ಕನ ಎಡಗಾಲು ಹಿಡಿದುಕೊಂಡ. ಕಾಲು ತಣ್ಣಗಿತ್ತು, ಗಟ್ಟಿಯಾಗಿತ್ತು.

"ಕಾಲು ಬಿಡು, ಬಿಂದ್ಯಾ. ಕ್ಲಚ್ ಒತ್ತಬೇಕು."

"ಈ ಬಿಸಿಲಾಗ ಎಲ್ಲೆ ಹೊಂಟಿ?"

"ಹೊಂಟ ಮ್ಯಾಲೆ ತಿಳಿತದ," ಎಂದು ಲೀಲಾಕ್ಷಿ ತಂಪು ಹೊರಗೆ ಹೋಗದಂತೆ ಬಾಗಿಲು ಎಳೆದುಕೊಂಡಳು.