ಕನಕರಾಜುವಿನ ತಲೆಬಾಗಿಲು

ಹೊಟ್ಟೆಕಿಚ್ಚು ಎಂದರೇನು ಅಂತ ಯಾರಿಗಾದರೂ ತಿಳಿಯಬೇಕಿದ್ದರೆ ನನ್ನನ್ನು ಕೇಳಲಿ. ಮೂವತ್ತು ವರ್ಷ ಅದನ್ನು ಅನ್ನ ಹಾಕಿ ಸಾಕಿದ್ದೇನೆ. ನಾನು ಚಾಮರಾಜನಗರದ ಬಡಗಿ ಶಿವಸ್ವಾಮಿ. ಕನಕರಾಜು ಗುಂಡ್ಲುಪೇಟೆಯ ಬಡಗಿ. ಇಬ್ಬರೂ ಉಡಿಗಾಲದ ಮರಿಮಲ್ಲಪ್ಪನವರ ಹತ್ತಿರ ಒಟ್ಟಿಗೆ ಉಳಿ ಹಿಡಿದವರು. ನಾನು ಮಾಡಿದ ಬಾಗಿಲು ನೋಡಿದರೆ ಅವರು "ಸರಿಯಾಗಿ ಅದೆ ಬುಡು" ಅನ್ನುತ್ತಿದ್ದರು. ಕನಕರಾಜುವಿನದು ನೋಡಿದರೆ ಏನೂ ಹೇಳದೆ ಸುಮ್ಮನೆ ಅದರ ಮೇಲೆ ಕೈಯಾಡಿಸುತ್ತಿದ್ದರು. ಅವನಿಗೆ ಸಿಕ್ಕಿದ್ದು ಅಷ್ಟೇ, ನನಗೆ ಸಿಗದೇ ಹೋದದ್ದೂ ಅಷ್ಟೇ.

ಎರಡು ಸಾವಿರದ ಆರರಲ್ಲಿ ಅವನು ಊಟಿ ರಸ್ತೆಯ ಪಕ್ಕ ಮನೆ ಕಟ್ಟಲು ಶುರು ಮಾಡಿದ. ನಮ್ಮ ಕಡೆ ಒಂದು ಮಾತಿದೆ: ಬಡಗಿ ತನ್ನ ಮನೆಯ ತಲೆಬಾಗಿಲನ್ನು ತಾನೇ ನಿಲ್ಲಿಸಬಾರದು. ಚೌಕಟ್ಟು ಕೂಡಿಸುವುದು, ಎತ್ತಿ ನಿಲ್ಲಿಸುವುದು ಇನ್ನೊಬ್ಬ ಬಡಗಿಯ ಕೈಯಿಂದಲೇ ಆಗಬೇಕು. ಕನಕರಾಜು ಎಲೆ ಅಡಿಕೆ ಹಿಡಿದುಕೊಂಡು ನಮ್ಮ ಮನೆಗೆ ಬಂದ.

"ನೀನೇ ಬಂದು ನಿಲ್ಸಿಕೊಡಬೇಕು ಕಣ್ಲಾ. ಬ್ಯಾರೆ ಯಾರ್ನೂ ಕರೆಯಕಿಲ್ಲ ನಾನು."

ನಮ್ಮದು ಎರಡು ಕೋಣೆಯ ಶೀಟಿನ ಮನೆ. ಊರವರಿಗೆಲ್ಲ ತೇಗದ ಬಾಗಿಲು ಮಾಡಿಕೊಟ್ಟವನ ಮನೆಗೆ ತಗಡಿನ ಬಾಗಿಲು. ಅವನು ಅದನ್ನು ದೂಡಿಕೊಂಡು ಒಳಗೆ ಬರುವಾಗ ಅದು ಕಿರ್ರೆಂದಿತು. ಅವನೇನೂ ಅನ್ನಲಿಲ್ಲ, ಆದರೂ ನನಗೆ ಮೈಯೆಲ್ಲ ಉರಿಯಿತು.

ಹೇಳಿದ ದಿನ ಹೆಂಡತಿ ಕುಮಾರಿಯನ್ನು ಕರೆದುಕೊಂಡು ಹೋದೆ. ಪಾಯ ಮೇಲೆದ್ದಿತ್ತು. ಅದರ ಹಿಂದೆಯೇ ಅವರ ಹಳೆಯ ಮನೆ. ಆ ಕಾಲಕ್ಕೆ ಎಲ್ಲರೂ ಕನ್ನಡಿಯಂಥ ಟೈಲ್ಸ್ ಹಾಕಿಸಿ, ಗಾಜಿನ ಷೋಕೇಸಿನಲ್ಲಿ ಪ್ಲಾಸ್ಟಿಕ್ ಹೂ ಇಡುತ್ತಿದ್ದರು. ಇವನದು ಎಲ್ಲ ತಿರುಗುಮುರುಗು. ನೆಲಕ್ಕೆ ಕಾವಿ, ಮುಂದೆ ಜಗಲಿ, ಗೋಡೆಯಲ್ಲಿ ದೀಪದ ಗೂಡು ಬರಬೇಕಂತೆ. ಜನ ಬೇಡವೆಂದು ಎಸೆದದ್ದನ್ನೆಲ್ಲ ಸಂತೆಮರಹಳ್ಳಿ ಸಂತೆಯಿಂದ ಹೊತ್ತು ತಂದಿದ್ದ. ಮುದ್ದೆ ಕಟ್ಟುವ ಹಲಸಿನ ಮರಿಗೆ, ಸವೆದ ಕಡಗೋಲು, ಸೇರು, ಪಾವು, ಒಂದು ಶಾವಿಗೆ ಒರಳು. ಎಲ್ಲಕ್ಕೂ ಎಣ್ಣೆ ಉಜ್ಜಿ ಮಗುವಿಗೆ ನೀರು ಹಾಕಿದಂತೆ ಮಾಡಿ ಹಳೆಯ ಮನೆಯಲ್ಲಿ ಇಟ್ಟಿದ್ದ. ಹೊಸ ಮನೆಯಲ್ಲಿ ಯಾವುದಕ್ಕೆ ಯಾವ ಜಾಗ ಅಂತ ಮಣ್ಣಿನ ನೆಲದ ಮೇಲೆ ಸುಣ್ಣದಲ್ಲಿ ಗೆರೆ ಎಳೆದಿದ್ದ. ಬೆಳಗಿನ ಬಿಸಿಲು ಎಲ್ಲಿ ಬೀಳುತ್ತದೋ ಅಲ್ಲಿ ಮರಿಗೆಯಂತೆ! ಮುದ್ದೆ ಕಟ್ಟುವವಳ ಕೈ ಬೆಚ್ಚಗಿರಲಿ ಅಂತ.

ಕುಮಾರಿ ಒಂದೊಂದನ್ನೂ ಮುಟ್ಟಿ ಮುಟ್ಟಿ ನೋಡಿದಳು. ಕನಕರಾಜುವಿನ ಹೆಂಡತಿ ಮಲ್ಲಿಗಮ್ಮನಿಗೆ ಅವಳು ಹೇಳಿದ ಮಾತು ನನ್ನ ಕಿವಿಗೆ ಬಿತ್ತು.

"ನೀ ಪುಣ್ಯ ಮಾಡಿದ್ದೆ ಕಣಕ್ಕ. ಕೈ ಅಂದ್ರೆ ಇಂಥ ಕೈ ಇರ್ಬೇಕು. ನಮ್ಮನೇಲಿ ಒಂದು ಮಣೆಗೂ ಗತಿಯಿಲ್ಲ."

ನಾನು ಚೌಕಟ್ಟಿನ ಮರದ ಮುಂದೆ ಕುಳಿತಿದ್ದೆ. ಬಾಗಿಲ ಎರಡು ಪಕ್ಕಕ್ಕೆ ನಿಲ್ಲುವ ನಿಲುವುಗಳನ್ನು ಕನಕರಾಜು ಮೊದಲೇ ಕುಯ್ದು, ಬುಡ ಯಾವುದೆಂದು ಕಾವಿ ಗೆರೆ ಎಳೆದು ಗುರುತು ಮಾಡಿದ್ದ. ಮರ ಹೇಗೆ ಬೆಳೆದಿತ್ತೋ ಹಾಗೇ ನಿಲ್ಲಬೇಕು, ಬುಡ ಕೆಳಗೆ, ತುದಿ ಮೇಲೆ. ನಮ್ಮಲ್ಲಿ ಕಲಿಸುವ ಮೊದಲ ಪಾಠವೇ ಅದು. ಬುಡ ಮೇಲಾದ ಬಾಗಿಲು ದಾಟಿದ ಬಸುರಿಯ ಮಡಿಲು ತುಂಬುವುದಿಲ್ಲ ಎಂದು ಮರಿಮಲ್ಲಪ್ಪನವರು ಹೇಳುತ್ತಿದ್ದರು. ನಾನು ಅದನ್ನು ನಂಬಿದವನು, ಈಗಲೂ ನಂಬುತ್ತೇನೆ.

ನಂಬಿಯೂ ಎಡಗಡೆಯ ನಿಲುವಿನ ಗೆರೆಯನ್ನು ಉಳಿಯಿಂದ ಕೆರೆದು ಹಾಕಿದೆ. ತಿರುಗಿಸಿ ಕೂಡಿಸಿದೆ. ಯಾರೂ ನೋಡಲಿಲ್ಲ. ಮಧ್ಯಾಹ್ನದೊಳಗೆ ಚೌಕಟ್ಟು ನಿಂತಿತು. ಅರಿಶಿನ ಕುಂಕುಮ ಹಚ್ಚಿ, ಮಾವಿನ ಸೊಪ್ಪು ಕಟ್ಟಿ, ಕಾಯಿ ಒಡೆದರು. ಕನಕರಾಜು ನನಗೆ ಪಂಚೆ ಹೊದಿಸಿ ಎಲ್ಲರ ಮುಂದೆ ಕೈ ಮುಗಿದ. ಊಟಕ್ಕೆ ಕೂತಾಗ ಒಬ್ಬಟ್ಟು ಮೂರು ತಿಂದೆ, ಸುಳ್ಳೇಕೆ ಹೇಳಲಿ, ರುಚಿಯಾಗಿಯೇ ಇತ್ತು.

ಆಮೇಲೆ ಅವನು ಮೂರು ಸಲ ಫೋನ್ ಮಾಡಿದ. "ಒಂದಿನ ಬಂದೋಗ್ಲಾ, ಒಸಿ ಕೆಲ್ಸ ಅದೆ" ಅಂತ ಮಾತ್ರ ಅನ್ನುತ್ತಿದ್ದ. ಮನೆ ತೋರಿಸಿ ಮೆರೆಯಲು ಕರೆಯುತ್ತಿದ್ದಾನೆ ಎಂದುಕೊಂಡು ನಾನು ಹೋಗಲಿಲ್ಲ. ಗೃಹಪ್ರವೇಶದ ದಿನ ಜ್ವರವೆಂದು ಮಲಗಿದೆ. ಕುಮಾರಿ ಒಬ್ಬಳೇ ಹೋಗಿ ಬಂದು ವಾರವೆಲ್ಲ ಅದೇ ಹಾಡು ಹಾಡಿದಳು.

ಮಾರನೆಯ ವರ್ಷ ಒಂದು ಸುದ್ದಿ ಬಂತು. ಕನಕರಾಜುವಿನ ಒಬ್ಬಳೇ ಮಗಳು ಅನುವಿಗೆ ಎಂಟು ತಿಂಗಳು. ಚೊಚ್ಚಲ ಬಸುರಿ. ಸೀಮಂತ ಮುಗಿದು ತಿಂಗಳಾದರೂ ಅಪ್ಪ ಅವಳನ್ನು ತವರಿಗೆ ಕರೆತಂದಿಲ್ಲ. ಬೀಗರು ಅವಮಾನವಾಯಿತೆಂದು ಕೂಗಾಡುತ್ತಿದ್ದಾರಂತೆ, ಹುಡುಗಿ ಸಂತೆಮರಹಳ್ಳಿಯಲ್ಲಿ ಗಂಡನ ಮನೆಯಲ್ಲಿ ಕೂತು ಅಳುತ್ತಿದ್ದಾಳಂತೆ.

"ನೋಡ್ದಾ ನೀ ಒಗಳ್ತಿದ್ದ ಕನಕರಾಜು ಬಾಳ?" ಎಂದೆ ಕುಮಾರಿಗೆ. "ಕಡಗೋಲು ಮಡಗಾಕೆ ಜಾಗ ಅದೆ, ಮಗಳ ಬಾಣಂತನಕ್ಕೆ ಇಲ್ಲ. ಹೊಟ್ಟೆಗೆ ಹಿಟ್ಟಿಲ್ದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು!"

ಅಷ್ಟು ಸಂತೋಷ ನನಗೆ ಬಹಳ ದಿನದಿಂದ ಆಗಿರಲಿಲ್ಲ. ಕಣ್ಣಾರೆ ನೋಡಬೇಕೆನ್ನಿಸಿ ಮಾರನೆಯ ಬೆಳಿಗ್ಗೆಯೇ ಗುಂಡ್ಲುಪೇಟೆ ಬಸ್ಸು ಹತ್ತಿದೆ.

ಮನೆ ಚೆನ್ನಾಗಿತ್ತು. ಹಾಳಾದ್ದು, ನಾನು ಅಂದುಕೊಂಡಿದ್ದಕ್ಕಿಂತ ಚೆನ್ನಾಗಿತ್ತು. ಆದರೆ ತಲೆಬಾಗಿಲ ಎಡಗಡೆ ಮೇಲಿಂದ ಕೆಳಗಿನವರೆಗೆ ಒಂದು ಗೇಣು ಅಗಲ ಗಾರೆ ಬಳಿದಿರಲಿಲ್ಲ. ಇಟ್ಟಿಗೆ ಹಾಗೇ ಕಾಣುತ್ತಿತ್ತು. ಕನಕರಾಜು ಜಗಲಿಯ ಮೇಲೆ ಕೂತಿದ್ದ, ಗಡ್ಡ ಬಿಟ್ಟಿದ್ದ. ಮಲ್ಲಿಗಮ್ಮ ನೀರು ತಂದುಕೊಟ್ಟಳು. ಅತ್ತು ಅತ್ತು ಅವಳ ಕಣ್ಣು ಊದಿದ್ದವು.

"ನೀವಾದ್ರೂ ಯೋಳಿ ಅಣ್ಣ. ಮಗಳ ಕರ್ಕಬರಾಕಿಲ್ಲ ಅಂತ ಕುಂತವ್ರೆ. ಯಾಕೆ ಅಂತ ಕೇಳುದ್ರೆ ಬಾಯೇ ಬುಡಾಕಿಲ್ಲ" ಎಂದು ಹೇಳಿ ಒಳಗೆ ಹೋದಳು.

ನಾನು ಬರಿ ಇಟ್ಟಿಗೆಯ ಕಡೆ ಕೈ ತೋರಿಸಿ, "ಏನ್ಲಾ, ಗಾರೆಗೆ ಸಿಮೆಂಟು ಸಾಲ್ದಾಯ್ತಾ?" ಎಂದೆ.

"ನಿಂಗೆ ಅಂತ ಬುಟ್ಟಿವ್ನಿ."

"ನಂಗಾ?"

ಅವನು ದನಿ ತಗ್ಗಿಸಿದ. "ಎಡಗಡೆ ನಿಲುವು ಬುಡ ಮೇಲಾಗಿ ಅದೆ ಕಣ್ಲಾ. ಅವತ್ತು ಅರಿಶಿನ ಹಚ್ಚುವಾಗ ಕೊಂಬೆ ಗಂಟು ನೋಡ್ದೆ, ಮೇಲ್ಮಕ ಇರ್ಬೇಕಾದ್ದು ಕೆಳಮಕ ಆಗಿತ್ತು. ಜನ ಎಲ್ಲ ನಿಂತಿದ್ರು, ನಿಂಗೆ ಪಂಚೆ ಹೊದಿಸ್ಬೇಕಿತ್ತು. ಎಂಗೆ ಯೋಳ್ಲಿ? ಬಿಚ್ಚಾಕೆ ಸುಲಭ ಆಗ್ಲಿ ಅಂತ ಗಾರೆ ಬಳುಸ್ನಿಲ್ಲ. ನೀನು ಬರ್ನೇ ಇಲ್ಲ."

"ಬ್ಯಾರೆ ಯಾರ್ನಾದ್ರೂ ಕರ್ದು ಬಿಚ್ಚುಸ್ಬೋದಿತ್ತಲ್ಲ?"

"ನಿಲ್ಸಿದ್ದು ಯಾರು ಅಂತ ಕೇಳಾಕಿಲ್ವಾ ಅವನು? ಶಿವಸ್ವಾಮಿಗೆ ಬುಡ ತುದಿ ಗೊತ್ತಿಲ್ಲ ಅಂತ ಊರೂರಿಗೆ ಮಾತು ಓಗದಾ? ಆಮೇಲೆ ನಿಂಗ್ಯಾರು ಕೆಲ್ಸ ಕೊಟ್ಟಾರು? ನನ್ನ ಹೆಂಡ್ತಿಗೂ ಯೋಳ್ನಿಲ್ಲ, ಹೆಂಗಸ್ರ ಬಾಯಲ್ಲಿ ನಿಲ್ಲಾಕಿಲ್ಲ. ನಮಗೆ ಏನಾರ ಆಗ್ಲಿ ಅಂತ ಒಳಿಕೆ ಬಂದೋ. ಮಗೀನ ಮಾತ್ರ ಎಂಗ್ಲಾ ದಾಟುಸ್ಲಿ ಈ ಬಾಗ್ಲ?"

ನಾನು ಎಡಗಡೆಯ ನಿಲುವಿನ ಕಡೆ ನೋಡಿದೆ. ಅವನೇ ಮುಂದುವರಿದ. "ನೀ ಬೇಜಾರ್ ಮಾಡ್ಕಬ್ಯಾಡ. ಮರ ನುಣ್ಣಗಿದ್ರೆ ಯಾರಿಗಾದ್ರೂ ತಪ್ಪಾಯ್ತದೆ."

ಅಲ್ಲಿಗೇ ಬಿಟ್ಟಿದ್ದರೆ ಮುಗಿದುಹೋಗುತ್ತಿತ್ತು. ಹೌದು, ತಪ್ಪಾಯಿತು ಅಂದಿದ್ದರೆ ಸಾಕಿತ್ತು. ನನ್ನ ಬಾಯಿ ಕೇಳಲಿಲ್ಲ.

"ತಪ್ಪಲ್ಲ ಕಣ್ಲಾ. ಬೇಕು ಅಂತ್ಲೇ ಮಾಡ್ದೆ. ನೀನು ಎಳ್ದಿದ್ದ ಗೆರೆ ಕೆರ್ದು ಹಾಕಿ ತಿರುಗಿಸ್ದೆ."

ಕನಕರಾಜು ರಸ್ತೆಯ ಕಡೆ ನೋಡಿದ. ಈರುಳ್ಳಿ ತುಂಬಿದ ಎರಡು ಲಾರಿಗಳು ಕೇರಳದ ಕಡೆ ಹೋದವು. ಅವನ ಗಡ್ಡದ ಮೇಲೆ ಕಣ್ಣೀರು ಇಳಿಯಿತು. ಈಗ ಹೊಡೆಯುತ್ತಾನೆ, ಹೊಡೆಯಲಿ ಎಂದುಕೊಂಡೆ. ಅವನು ಪಂಚೆಯ ಚುಂಗಿನಲ್ಲಿ ಮುಖ ಒರೆಸಿಕೊಂಡು ಎದ್ದ.

"ತಪ್ಪು ಅಂತ್ಲೇ ಇರ್ಲಿ ಬುಡು. ಇನ್ನೊಂದ್ಸಲ ಬೇಕು ಅಂತ ಅನ್ಬ್ಯಾಡ, ಅವಳಿಗೆ ಕೇಳುಸ್ತದೆ" ಎಂದವನೇ ಒಳಗಿನ ಕಡೆ ತಿರುಗಿ ಕೂಗಿದ. "ಲೇ, ನಾಳಿಕ್ಕೆ ಅನುನ ಕರ್ಕಬರಾಕೆ ಓಗನ, ಬೀಗರಿಗೆ ಫೋನ್ ಮಾಡು. ಶಿವಸ್ವಾಮಿಗೂ ಅಡ್ಗೆ ಮಾಡು, ಬಾಗ್ಲು ರಿಪೇರಿಗೆ ಬಂದವ್ನೆ."

ಒಳಗೆ ಪಾತ್ರೆಯೊಂದು ಬಿದ್ದ ಸದ್ದಾಯಿತು. ಮಲ್ಲಿಗಮ್ಮ ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯಲಿಲ್ಲ. ನಾನು ಉಳಿ, ಸುತ್ತಿಗೆ ಕೇಳಿ ತೆಗೆದುಕೊಂಡು ಬರಿ ಇಟ್ಟಿಗೆಯ ಮುಂದೆ ಕುಕ್ಕರುಗಾಲಲ್ಲಿ ಕುಳಿತೆ. ಇವನ ಕೈಗೆ, ಇವನ ಮನೆಗೆ, ಇವನ ಹೆಸರಿಗೆ ನಾನು ಉರಿದುಕೊಂಡದ್ದೆಲ್ಲ ಆ ಹೊತ್ತಿನಲ್ಲಿ ಏನೂ ಅಲ್ಲ ಅನ್ನಿಸಿತು. ಅವನ ಜಾಗದಲ್ಲಿ ನಾನಿದ್ದಿದ್ದರೆ ಅಂದೇ, ಅರಿಶಿನ ಕೈಯಲ್ಲಿರುವಾಗಲೇ, ಅಷ್ಟೂ ಜನರ ಎದುರಿಗೆ ಕೂಗಿ ಹೇಳಿಬಿಟ್ಟಿರುತ್ತಿದ್ದೆ.