ಹನ್ನೆರಡು ಟ್ಯಾಂಕು, ಒಂದು ಕಾಗದ

ಮಗ ಸತ್ತಿದ್ದಾನೆಂದು ಬರೆದುಕೊಡಿ ಎಂದು ಕಂಡವರ ಕಾಲು ಹಿಡಿಯುವ ತಂದೆಯನ್ನು ನೀವು ನೋಡಿದ್ದೀರಾ? ಆ ಪುಣ್ಯಾತ್ಮ ನಾನೇ. ಹೆಸರು ರಾಯಪ್ಪ. ಖಾನಾಪುರದಲ್ಲಿ ಮರದ ಗೊಂಬೆ ಕೆತ್ತಿ ಬಣ್ಣ ಹಾಕುವವನು.

ಗುರುಸಿದ್ದ ನನ್ನ ಒಬ್ಬನೇ ಮಗ. ಸಾವಿರದ ಒಂಬೈನೂರ ಹದಿನೇಳನೇ ಇಸವಿಯಲ್ಲಿ ಕಡಲಾಚೆಯ ಬಸ್ರಾದ ಲಡಾಯಿಗೆ ಹೇಸರಗತ್ತೆ ಹೊಡೆಯುವವರು ಬೇಕೆಂದು ಡಂಗುರ ಸಾರಿದರು. ಬಣ್ಣದ ವಾಸನೆಗೆ ತಲೆ ನೋಯುತ್ತದೆಂದು ನೆಪ ಹೇಳಿ ಇವನೂ ಹೊರಟ. ಒಂದು ಕಾರ್ಡು ಬಂತು. ಲಡಾಯಿ ಮುಗಿಯಿತು, ಹೋದವರು ಬಂದರು, ಬಾರದವರ ಸುದ್ದಿಯಾದರೂ ಬಂತು. ಒಂಬತ್ತು ವರ್ಷವಾದರೂ ಇವನದು ಎರಡೂ ಇಲ್ಲ.

ಮನೆಯಲ್ಲಿ ಸೊಸೆ ಭರಮವ್ವ. ಅವನು ಹೋದಾಗ ಅವಳಿಗೆ ಹದಿಮೂರು. ನಂದಗಡದ ಈರಣ್ಣನೆಂಬ ರೈತ, ಹೆಂಡತಿ ತೀರಿಕೊಂಡವನು, ಅವಳನ್ನು ಉಡಿಕೆ ಮಾಡಿಕೊಳ್ಳಲು ಸಿದ್ಧನಿದ್ದ. ಗಂಡ ಸತ್ತವಳು ಹಾಗೆ ಮತ್ತೊಂದು ಮನೆ ಸೇರುವುದು ನಮ್ಮಲ್ಲಿ ರೂಢಿ. ಆದರೆ ದೈವದ, ಅಂದರೆ ನಮ್ಮ ಕುಲದ, ಹಿರಿಯರು ಪಟ್ಟು ಹಿಡಿದರು.

"ಸತ್ತಾನಂತ ಖಾತ್ರಿ ಆಗಬೇಕೋ ರಾಯಪ್ಪಾ. ಸರಕಾರದ ಕಾಗದ ತಾ. ಇಲ್ಲಂದ್ರ ನಾವು ಹೂಂ ಅನ್ನಂಗಿಲ್ಲ."

ಈರಣ್ಣ ದೀಪಾವಳಿಯವರೆಗೆ ಕಾಯುತ್ತೇನೆಂದ. ಭರಮವ್ವ ಬಾಯಿಬಿಟ್ಟು ಏನನ್ನೂ ಕೇಳುವವಳಲ್ಲ. ಒಮ್ಮೆ ಮಾತ್ರ ಒಲೆಯ ಮುಂದೆ ಕೂತು ಅಂದಳು: "ಮಾವಾ, ನಾ ಯಾರ ಹೇಂತಿ ಅಂತ ಯಾರರ ಒಬ್ಬರು ಹೇಳಿಬಿಡ್ರಿ."

ಆ ಹೊತ್ತಿಗೇ ಬೆಳಗಾವಿಯ ದಂಡಿನ ಕ್ಯಾಂಪಿನಿಂದ ಗುಮಾಸ್ತ ಚನ್ನಬಸಯ್ಯನವರು ಕರೆಸಿದರು. ಅವರ ಮೇಜರ್ ಸಾಹೇಬನಿಗೆ ಯುದ್ಧದ ಆಟದ ಹುಚ್ಚು. ದೊಡ್ಡ ಮೇಜಿನ ತುಂಬ ಮರಳು ಹರವಿ, ಗುಡ್ಡ ಹಳ್ಳ ಮಾಡಿ, ದಾಳ ಉರುಳಿಸುತ್ತ ಮೀಸೆ ಬಂದ ಗಂಡಸರು ಲಡಾಯಿ ಆಡುತ್ತಿದ್ದರು. ಖರೇ ಲಡಾಯಿಯಲ್ಲಿ ನನ್ನ ಮಗನನ್ನು ನುಂಗಿದ್ದು ಸಾಲದಾಗಿತ್ತೇನೋ. ಆ ಆಟಕ್ಕೆ ಹನ್ನೆರಡು ಟ್ಯಾಂಕು ಬೇಕಾಗಿದ್ದವು, ಒಂದೊಂದೂ ಮೊಳದುದ್ದ. ಸಾಹೇಬ ಫೋಟೋ ತೋರಿಸಿದ. ಎರಡೂ ಬದಿಗೆ ಸರಪಳಿ ಸುತ್ತಿಕೊಂಡ, ಎತ್ತಿಲ್ಲದ ಕಬ್ಬಿಣದ ಬಂಡಿ.

"ರೊಕ್ಕ ಬ್ಯಾಡ್ರಿ ಅಯ್ನೋರ," ಅಂದೆ. "ನನ್ನ ಮಗಂದು ಒಂದು ಕಾಗದ ತರಿಸಿಕೊಡಾಕ ಹೇಳ್ರಿ."

ಚನ್ನಬಸಯ್ಯ ಸಾಹೇಬನಿಗೆ ತಿಳಿಸಿ ಹೇಳಿದರು. ಆಟದ ದಿನಕ್ಕೆ ಹನ್ನೆರಡೂ ಬಂದರೆ ಮುಂಬಯಿಯ ಫೌಜಿನ ದಫ್ತರಕ್ಕೆ ಬರೆಯುತ್ತೇನೆಂದು ಅವನು ಒಪ್ಪಿದ.

ಎರಡು ತಿಂಗಳು ಬೇರೆ ಕೆಲಸ ಮುಟ್ಟಲಿಲ್ಲ. ಹಾಲೆ ಮರ ಕೆತ್ತಿ, ಹುಣಸೆ ಬೀಜದ ಅಂಟು ಬಳಿದು, ಬಿಳಿ ಮಣ್ಣು ಸವರಿ, ಮೇಲೆ ಕೆಸರಿನ ಬಣ್ಣ. ಇಷ್ಟು ವರ್ಷ ಕೆಂಪು, ಹಳದಿ ಹಚ್ಚಿದ ಕೈ, ಆ ಹಾಳು ಬಣ್ಣಕ್ಕೆ ಒಗ್ಗಲು ಒದ್ದಾಡಿತು. ಸರಪಳಿಯ ಒಂದೊಂದು ಕೊಂಡಿಯನ್ನೂ ಅಳಿಲ ಕೂದಲಿನ ಕುಂಚದಿಂದ ಬರೆದೆ. ತುಕ್ಕು ಹಿಡಿದಂತೆ ಕಾಣಲೆಂದು ಮೊಳೆಗಳ ಸುತ್ತ ಕಾವಿ ಒತ್ತಿದೆ. ಭರಮವ್ವ ಬಣ್ಣ ಅರೆದು ಕೊಡುತ್ತಿದ್ದಳು. ಎಂಥ ಕಾಗದಕ್ಕಾಗಿ ಅರೆಯುತ್ತಿದ್ದೇನೆಂದು ಅವಳಿಗೆ ಗೊತ್ತಿತ್ತು. ನನ್ನ ಹೆಂಡತಿ ಸತ್ಯವ್ವನಿಗೆ ಗೊತ್ತಿರಲಿಲ್ಲ. ಸಾಹೇಬ ಹುಡುಕಿಸಿ ಮಗನನ್ನು ಕರೆಸಿಕೊಡುತ್ತಾನೆಂದೇ ಅವಳು ನಂಬಿದ್ದಳು, ನಾನೂ ನಂಬಲು ಬಿಟ್ಟಿದ್ದೆ.

ನಮ್ಮ ಮನೆಯಲ್ಲಿ ಒಂದು ಪದ್ಧತಿ. ಕಣ್ಣಿಡದೆ ಯಾವ ಗೊಂಬೆಯೂ ಹೊಸ್ತಿಲು ದಾಟಬಾರದು. ಆಟದ ಬಂಡಿಗೂ ಮುಂದಿನ ಮೂಕಿಮರದ ಮೇಲೆ ಎರಡು ಕಣ್ಣು ಬರೆದೇ ಕಳಿಸುವವರು ನಾವು. ಕೊನೆಯ ದಿನ ಉಪವಾಸವಿದ್ದು, ಹನ್ನೆರಡು ಟ್ಯಾಂಕಿನ ಮೂತಿಗೂ ಕಣ್ಣಿಟ್ಟೆ. ತಪ್ಪೆಂದು ತಲೆಗೇ ಹೊಳೆಯಲಿಲ್ಲ. ಚೆಂದ ಕಂಡವು ಕೂಡ.

ಕ್ಯಾಂಪಿನ ಪಡಸಾಲೆಯಲ್ಲಿ ಗೋಣಿ ಬಿಚ್ಚಿದಾಗ ಬಾಜು ನಿಂತ ಇಬ್ಬರು ಗೋರಾಗಳು ಹೊಟ್ಟೆ ಹಿಡಿದು ನಕ್ಕರು. ಸಾಹೇಬನ ಮುಖ ಕೆಂಪಾಯಿತು, ಏನೇನೋ ಕೂಗಾಡಿದ.

"ಜನರಲ್ ಸಾಹೇಬ್ರು ಬರಾಕತ್ತಾರಂತ. ಈ ಕಣ್ಣು ಈಗಿಂದೀಗ ಕೆರಿಬೇಕಂತ," ಅಂದರು ಚನ್ನಬಸಯ್ಯ.

"ಆಗಂಗಿಲ್ರಿ ಅಯ್ನೋರ. ಇಟ್ಟ ಕಣ್ಣು ಕೆರಿಯಂಗಿಲ್ಲ ನಾವು."

ನಾವು ಕಣ್ಣು ಕೆರೆಯುವುದು ಒಂದೇ ಸಂದರ್ಭದಲ್ಲಿ. ಆಡುವ ಕೂಸು ತೀರಿಕೊಂಡರೆ, ಅದರ ಗೊಂಬೆಯ ಕಣ್ಣು ಕೆರೆದು ಜೊತೆಗೆ ಮಣ್ಣಿಗಿಡುತ್ತೇವೆ.

"ಕಾಗದ ಬೇಕೋ ಬ್ಯಾಡೋ ರಾಯಪ್ಪಾ?" ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಕನಿಕರವಿತ್ತು.

ಪಡಸಾಲೆಯ ಮೂಲೆಯಲ್ಲಿ ಕೂತು ಚಾಕುವಿನಿಂದ ಇಪ್ಪತ್ನಾಲ್ಕು ಕಣ್ಣು ಕೆರೆದೆ. ಕೆರೆದಲ್ಲಿ ಕೆಸರಿನ ಬಣ್ಣ ಮೆತ್ತಿದೆ. ಒಳಗೆ ನಗು, ಗ್ಲಾಸಿನ ಸದ್ದು ಕೇಳುತ್ತಿತ್ತು. ನನಗೆ ನನ್ನ ಮೇಲೇ ಹೇಸಿಗೆಯಾಯಿತು.

ಸಾಹೇಬ ಮಾತಿಗೆ ತಪ್ಪಲಿಲ್ಲ, ಅದನ್ನು ಹೇಳಬೇಕು. ದೀಪಾವಳಿಗೆ ಎಂಟು ದಿನವಿದ್ದಾಗ ಕ್ಯಾಂಪಿಗೆ ಕಾಗದ ಬಂತು, ಹೋದೆ. ಕೆಳಗೆ ಮೊಹರು, ಮೇಲೆಲ್ಲ ಇಂಗ್ಲಿಷು. ಚನ್ನಬಸಯ್ಯ ಎರಡು ಸಲ ಮನಸ್ಸಿನಲ್ಲೇ ಓದಿಕೊಂಡು, ಕನ್ನಡಕ ತೆಗೆದರು.

"ಗುರುಸಿದ್ದ ಅಂಬೋರು ಮೂರು ಮಂದಿ ಅದಾರಂತ. ಒಬ್ಬ ಬಸ್ರಾದಾಗ ಕಾಲರಾ ಬಂದು ಸತ್ತಾನ. ಒಬ್ಬ ನೌಕರಿ ಬಿಟ್ಟು ಓಡಿ ಹೋಗ್ಯಾನ. ಇನ್ನೊಬ್ಬಂದು ಏನೂ ಗೊತ್ತಿಲ್ಲಂತ."

"ಅದರಾಗ ನಮ್ಮಂವ ಯಾವಂವ್ರಿ?"

"ಅಪ್ಪನ ಹೆಸರು, ಊರು ಬರಕೊಂಡಿಲ್ಲೋ ಮಾರಾಯಾ. ಹೇಸರಗತ್ತಿ ಹೊಡಿಯೋರದು ಯಾರು ಬರಕೋತಾರ?"

ರೈಲಿನಲ್ಲಿ ಕಾಗದವನ್ನು ಮಡಚಿ ಹಿಡಿದು ಕೂತೆ. ಒಬ್ಬ ಸತ್ತಿದ್ದ, ಇನ್ನಿಬ್ಬರು ಸತ್ತಿದ್ದಾರೆಂದು ಬರೆದಿರಲಿಲ್ಲ. ಯಾವ ತಂದೆ ಯಾವುದನ್ನು ಆರಿಸಿಕೊಂಡಾನು, ನೀವೇ ಹೇಳಿ. ಹೊಟ್ಟೆಯೊಳಗಿನ ಆಸೆ ಇಬ್ಬರ ಕಡೆಗೇ ಎಳೆಯುತ್ತಿತ್ತು. ಆದರೆ ಈರಣ್ಣ ಎಂಟು ದಿನಕ್ಕಿಂತ ಹೆಚ್ಚು ಕಾಯುವವನಲ್ಲ, ಭರಮವ್ವನಿಗೆ ಇಪ್ಪತ್ತೆರಡು. ಖಾನಾಪುರದಲ್ಲಿ ಇಳಿದು, ಮನೆಯ ಕಟ್ಟೆಯ ತನಕ ನಡೆದು, ನಿಂತಲ್ಲೇ ಹೇಳಿಬಿಟ್ಟೆ.

"ತೀರಿಕೊಂಡಾನಂತ. ಬಸ್ರಾದಾಗ. ಕಾಲರಾ."

ಸತ್ಯವ್ವ ಗೋಡೆಗೆ ಒರಗಿ ಕೂತು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಭರಮವ್ವನ ಕಣ್ಣು ಮಾತ್ರ ನನ್ನ ಮುಖ ಬಿಟ್ಟು ಕದಲಲಿಲ್ಲ.

"ಕಾಗದದಾಗ ಹಂಗ ಬರದೈತೇನ್ರಿ ಮಾವಾ?"

"ಹಂಗ ಐತಿ."

ಹಿರಿಯರು ಮೊಹರನ್ನು ಬೆರಳಿನಿಂದ ಸವರಿ ನೋಡಿ ತಲೆಯಾಡಿಸಿದರು. ಅವರಲ್ಲಿ ಇಂಗ್ಲಿಷು ಬಲ್ಲವರಿರಲಿಲ್ಲ, ಕಚೇರಿಗೆ ಒಯ್ದು ಓದಿಸುವ ಉಸಾಬರಿ ಯಾರಿಗೂ ಬೇಕಿರಲಿಲ್ಲ. ಸೊಸೆಯ ಬಳೆ ಒಡೆಸಿದೆವು, ಮಗನ ದಿನ ಮಾಡಿದೆವು. ಸತ್ತವನೋ ಬದುಕಿದವನೋ ತಿಳಿಯದವನ ಹೆಸರಿಗೆ ನಾನೇ ನೀರು ಬಿಟ್ಟೆ. ಆಮೇಲೆ ಈರಣ್ಣ ಸೀರೆ ತಂದ. ಭರಮವ್ವ ನನ್ನ ಕಾಲಿಗೆ ಬಿದ್ದು ನಂದಗಡದ ಬಂಡಿ ಹತ್ತಿದಳು. ಸುಖವಾಗಿದ್ದಾಳಂತೆ, ಈಗ ಬಸುರಿಯಂತೆ.

ಸತ್ಯವ್ವ ನನ್ನೊಡನೆ ಹೆಚ್ಚು ಮಾತಾಡುವುದಿಲ್ಲ. ಮಗ ಸತ್ತ ಸುದ್ದಿ ತಂದವನು ನಾನಲ್ಲವೇ. ನಿಜ ಹೇಳೋಣವೆಂದು ಎಷ್ಟೋ ಸಲ ಬಾಯಿ ತೆರೆದಿದ್ದೇನೆ. ಹೇಳಿದರೆ ಅವಳು ಸೊಸೆಯನ್ನು ಕರೆತರಲು ಓಡುತ್ತ ನಂದಗಡಕ್ಕೆ ಹೋಗುತ್ತಾಳೆಂದು ಮುಚ್ಚಿದ್ದೇನೆ.

ಒಂಬತ್ತು ವರ್ಷ, ಬೆಳಗಾವಿ ಕಡೆಯಿಂದ ರೈಲು ಬಂದಾಗಲೆಲ್ಲ ಅವನು ಇಳಿಯಲಿ ಎಂದು ದೇವರನ್ನು ಬೇಡಿದವನು ನಾನು. ಈಗಲೂ ರೈಲಿನ ಸದ್ದಿಗೆ ಕುಂಚ ಕೆಳಗಿಟ್ಟು ಕೈ ಮುಗಿಯುತ್ತೇನೆ. ಇಳಿಯದಿರಲಪ್ಪಾ, ಎನ್ನುತ್ತೇನೆ.