ಇಲ್ಲದ ಸಾಲು

ಆ ಕ್ರೈಸ್ತ ಸಂನ್ಯಾಸಿ ಸಭೆಯ ಪ್ರಕಾಶನವೆಂದರೆ ಮಠದ ಹಿಂಬದಿಯ ಮೂರು ಕೋಣೆಗಳು. ಸಭೆಯನ್ನು ಕಟ್ಟಿದ ಗುರುಗಳು ಶತಮಾನಗಳ ಹಿಂದೆ ಲ್ಯಾಟಿನ್ನಿನಲ್ಲಿ ಮಾಡಿದ ಪ್ರಬೋಧನೆಗಳ ಮೂಲಪ್ರತಿ ಉಳಿದಿರಲಿಲ್ಲ. ಉಳಿದದ್ದು ಶಿಷ್ಯರು ಮಾಡಿಕೊಂಡ ನಕಲುಗಳು ಮಾತ್ರ. ಅವನ್ನು ಅಕ್ಷರ ಅಕ್ಷರ ಹೋಲಿಸಿ, ಗುರುಗಳು ಆಡಿದ ಮಾತು ಯಾವುದೆಂದು ನಿರ್ಧರಿಸಿ, ಯಾವ ನಕಲಿನಲ್ಲಿ ಏನು ಬೇರೆ ಇದೆಯೆಂದು ಪುಟದ ಅಡಿಯಲ್ಲಿ ತಿಳಿಸುವುದು ಅಲ್ಲಿನ ಕೆಲಸ. ವಯಸ್ಸಾದ ಫಾದರ್ ಒಬ್ಬರು ಅರ್ಧ ಆಯುಷ್ಯ ಇದಕ್ಕೇ ಸವೆಸಿದ್ದರು. ಅವರಿಂದ ಬೈಸಿಕೊಂಡೇ ಲ್ಯಾಟಿನ್ ಕಲಿತ ಸಂಪಾದಕಿ ಈಗ ಅವರೊಡನೆ ಕೊನೆಯ ಸಂಪುಟದಲ್ಲಿ ಮುಳುಗಿದ್ದಳು. "ನಿಂಗೆ ಇಬ್ರು ಅತ್ತೆಯಂದಿರು ಕಣೇ. ಮನೇಲಿ ನಾನು, ಅಲ್ಲಿ ನಿಮ್ಮ ಫಾದರ್" ಎಂದು ಅವಳ ಅತ್ತೆ ಛೇಡಿಸುತ್ತಿದ್ದರು.

ಒಂದು ಮಧ್ಯಾಹ್ನ ಫಾದರ್ ಹಸ್ತಪ್ರತಿಯ ಫೋಟೋ ಹಿಡಿದು ಗಟ್ಟಿಯಾಗಿ ಓದುತ್ತಿದ್ದರು. ಅವಳು ಪ್ರೂಫಿನ ಮೇಲೆ ಬೆರಳಾಡಿಸುತ್ತಿದ್ದಳು. ಒಂದೆಡೆ ಬೆರಳು ನಿಂತಿತು. 'ಈ ನಕಲಿನಲ್ಲಿ ಈ ಸಾಲು ಬಿಟ್ಟುಹೋಗಿದೆ' ಎಂದು ಅಡಿಟಿಪ್ಪಣಿಯಿತ್ತು. ಫಾದರ್ ಮಾತ್ರ ಆ ಸಾಲನ್ನು ನಿರರ್ಗಳವಾಗಿ ಓದಿ ಮುಂದೆ ಹೋಗಿದ್ದರು. ಟಿಪ್ಪಣಿಯೇ ತಪ್ಪಿರಬೇಕೆಂದುಕೊಂಡು ಅವಳು ಎದ್ದು ಅವರ ಹೆಗಲ ಮೇಲಿಂದ ಬಗ್ಗಿ ನೋಡಿದಳು. ಸಾಲು ಅಲ್ಲಿರಲಿಲ್ಲ.

ಫಾದರ್ ಓದುತ್ತಿಲ್ಲ, ಬಾಯಿಪಾಠ ಒಪ್ಪಿಸುತ್ತಿದ್ದಾರೆ. ಹಾಗಾದರೆ ಇಷ್ಟು ದಿನ ಹೋಲಿಸಿದ ಪುಟಗಳ ಗತಿ?

ಅಂದು ರಾತ್ರಿ ಅವಳು ಊಟಕ್ಕೆ ಕುಳಿತು ಅನ್ನ ಕಲಸುತ್ತಲೇ ಇದ್ದಳು. ಅತ್ತೆ ಬಾಯಿ ಬಿಡಿಸಿದರು. "ಮನಸ್ಸಲ್ಲೇ ಕೊರಗಬೇಡ. ಅವರನ್ನೇ ಕೇಳು. ನಾಲ್ಕು ಜನರ ಮುಂದೆ ಮಾತ್ರ ಬೇಡ."

ಮರುದಿನ ಬಾಗಿಲು ಹಾಕಿಕೊಂಡು ಕೇಳಿಯೇಬಿಟ್ಟಳು. "ಫಾದರ್, ನಿನ್ನೆ ನೀವು ಓದಿದ ಒಂದು ಸಾಲು ಆ ಹಾಳೇಲಿ ಇಲ್ಲ."

ಫಾದರ್ ಕನ್ನಡಕ ತೆಗೆದು, ನಿಲುವಂಗಿಯ ಅಂಚಿನಲ್ಲಿ ಒರೆಸುತ್ತಲೇ ಕುಳಿತರು.

"ಬೇಸಿಗೆಯಿಂದ ಎಲ್ಲಾ ಮಸುಕು ಮಸುಕು ಕಣಮ್ಮಾ. ನಮ್ಮಪ್ಪನಿಗೂ ಹೀಗೇ ಶುರುವಾಗಿ ಕಣ್ಣು ಪೂರ್ತಿ ಹೋಯ್ತು. ಡಾಕ್ಟ್ರು ಅದನ್ನೇ ಹೇಳ್ತಾರೆ ಅಂತ ಹೋಗಲೇ ಇಲ್ಲ. ಇದೊಂದು ಸಂಪುಟ ಮುಗಿದುಬಿಡ್ಲಿ ಅಂತಿದ್ದೆ. ಗುರುಗಳ ಮಾತೆಲ್ಲ ಬಾಯಿಗೆ ಬರುತ್ತೆ. ನಕಲು ಮಾಡಿದೋರ ತಪ್ಪುಗಳು ಬರಬೇಕಲ್ಲ!"

"ನಗಬೇಡಿ ಫಾದರ್. ನಮ್ಮ ಟಿಪ್ಪಣಿ ನಂಬಿ ಓದೋರು ಏನಾಗಬೇಕು?"

"ನಿದ್ದೆ ಕೆಟ್ಟಿದ್ದೇ ಅದಕ್ಕೆ. ನೀನು ಹಿಡಿದ್ಯಲ್ಲ, ತಲೆ ಮೇಲಿನ ಭಾರ ಇಳೀತು. ನಡಿ, ನಿರ್ದೇಶಕರಿಗೆ ನಾನೇ ಹೇಳ್ತೀನಿ."

ಪ್ರಕಾಶನದ ನಿರ್ದೇಶಕರು ವಯಸ್ಸಿನಲ್ಲಿ ಕಿರಿಯ ಫಾದರ್. ಎಲ್ಲ ಕೇಳಿ ಕುರ್ಚಿಗೆ ಒರಗಿ ಉಸ್ಸೆಂದರು. "ಅಯ್ಯೋ, ಕಣ್ಣಾ? ವರಾಂಡದಲ್ಲಿ ಎದುರು ಬಂದು ನಕ್ಕರೂ ಮುಖ ಕೊಡದೆ ಹೋಗ್ತಿದ್ರಿ. ನನ್ನಿಂದೇನು ತಪ್ಪಾಯ್ತೋ ಅಂತ ತಿಂಗಳುಗಟ್ಟಲೆ ಯೋಚನೆ ಮಾಡಿದ್ದೀನಿ!" ಮುದ್ರಣಾಲಯಕ್ಕೆ ಫೋನ್ ಮಾಡಿ ಕೆಲಸ ನಿಲ್ಲಿಸಲು ಹೇಳಿದರು. ಆಮೇಲೆ ತಾವೇ ಕಾರಿನ ಕೀಲಿ ತೆಗೆದುಕೊಂಡರು.

ಕಣ್ಣಿನ ಡಾಕ್ಟರು ದೀಪ ಬಿಟ್ಟು ತುಂಬ ಹೊತ್ತು ನೋಡಿದರು. ಫಾದರ್ ಸಂಪಾದಕಿಯ ಕೈ ಬಿಟ್ಟಿರಲಿಲ್ಲ.

"ಪೊರೆ ಬಂದಿದೆ, ಅಷ್ಟೇ" ಎಂದರು ಡಾಕ್ಟರು. "ತೆಗೆದುಬಿಟ್ರೆ ಚೆನ್ನಾಗಿ ಓದ್ತೀರಿ."

"ಅಷ್ಟೇನಾ?"

"ಅಷ್ಟೇ."

"ನಮ್ಮಪ್ಪನಿಗೂ ಇದೇ ಆಗಿತ್ತೇನೋ," ಫಾದರ್ ಮೆಲ್ಲಗೆ ಹೇಳಿದರು. "ಯಾರೂ ತೋರಿಸ್ಲೇ ಇಲ್ಲ." ಕಣ್ಣೀರು ಕೆನ್ನೆಗಿಳಿಯಿತು. ಹೊರಗೆ ಬಂದ ಮೇಲೆ ಮಾತ್ರ ಮೂವರೂ ಕಾರಣವಿಲ್ಲದೆ ನಕ್ಕರು.

ಒಂದಾದ ಮೇಲೊಂದು ಎರಡೂ ಕಣ್ಣಿನ ಪೊರೆ ತೆಗೆದರು. ಫಾದರ್ ಮತ್ತು ಸಂಪಾದಕಿ ಬೇಸಿಗೆಯಿಂದ ಈಚಿನ ಪುಟಗಳನ್ನೆಲ್ಲ ಮತ್ತೆ ಮೊದಲಿನಿಂದ ಹೋಲಿಸಿದರು. ಹೆದರಿದಷ್ಟು ಅನಾಹುತವಾಗಿರಲಿಲ್ಲ; ತಿದ್ದಬೇಕಾದ ಟಿಪ್ಪಣಿಗಳು ಕೆಲವೇ. ಅವುಗಳಲ್ಲಿ ಎರಡು ಸಂಪಾದಕಿಯದೇ ಕಣ್ತಪ್ಪು. ಫಾದರ್ ಅವನ್ನು ಹುಡುಕಿ ಹಿಡಿದು, ಕೋಣೆ ಅದುರುವಂತೆ ಬೈದರು. ಬೈಸಿಕೊಂಡು ಅವಳು ಅಷ್ಟು ಖುಷಿಯಿಂದ ಮನೆಗೆ ಹೋದದ್ದು ಅದೇ ಮೊದಲು.